ವಿಟಮಿನ್ ಮಾತ್ರೆ ಯಾರಿಗೆ ಬೇಕು, ಯಾರಿಗೆ ಬೇಡ: ಅಧ್ಯಯನ ಟಿಪ್ಪಣಿ

"ಸಪ್ಲಿಮೆಂಟ್ ತಗೊಂಡ್ರೆ ಒಳ್ಳೇದಾ?" ಎಂದು ಬರೀ ಇಷ್ಟೇ ಕೇಳಿದರೆ ಉತ್ತರ ಹೇಳಲಾಗದು. ಯಾವ ಪೋಷಕಾಂಶ, ಯಾರಿಗೆ, ಎಷ್ಟು ಪ್ರಮಾಣ ಎಂಬುದೂ ಗೊತ್ತಿರಬೇಕು.

ಖಚಿತವಾಗಿ ಕೆಲಸ ಮಾಡುವುದರಲ್ಲಿ ಫೋಲಿಕ್ ಆಮ್ಲ (ಬಿ ಗುಂಪಿನ ಒಂದು ವಿಟಮಿನ್) ಮೊದಲನೆಯದು. ಮಗುವಿನ ಮೆದುಳು, ಬೆನ್ನುಹುರಿ ರೂಪುಗೊಳ್ಳುವ ನರನಾಳ ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿಗೆ ಎಷ್ಟೋ ಹೆಂಗಸರಿಗೆ ತಾವು ಗರ್ಭಿಣಿ ಎಂದೇ ಗೊತ್ತಿರುವುದಿಲ್ಲ. ಹಾಗಾಗಿ ಮಗು ಬೇಕೆಂದುಕೊಂಡಾಗಲೇ ದಿನಕ್ಕೆ 400 ಮೈಕ್ರೋಗ್ರಾಂ ಶುರು ಮಾಡಲು ಹೇಳುತ್ತಾರೆ. ಹಿಂದೆ ನರನಾಳದ ದೋಷವಿರುವ ಮಗುವಾಗಿದ್ದ ತಾಯಂದಿರಿಗೆ ಇದರ ಹತ್ತು ಪಟ್ಟು, ಅಂದರೆ 4 ಮಿಲಿಗ್ರಾಂ ಕೊಟ್ಟು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಒಂದು ಪ್ರಯೋಗ ನಡೆಸಿತು. 1991ರಲ್ಲಿ ಫಲಿತಾಂಶ ಬಂತು: ಆ ದೋಷ ಮತ್ತೆ ಕಾಣಿಸಿಕೊಳ್ಳುವುದು ಶೇ 72ರಷ್ಟು ಕಡಿಮೆಯಾಗಿತ್ತು. ಒಂದು ಸಣ್ಣ ಮಾತ್ರೆಯಿಂದ ಇಷ್ಟು ದೊಡ್ಡ ಲಾಭ ವೈದ್ಯಶಾಸ್ತ್ರದಲ್ಲೇ ಅಪರೂಪ.

ಪ್ರಾಣಿಮೂಲದ ಆಹಾರ ಏನೂ ತಿನ್ನದವರಿಗೆ ಬಿ12 ಬೇಕೇ ಬೇಕು. ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಔಷಧವಾದ ಮೆಟ್‌ಫಾರ್ಮಿನ್ ತಗೊಳ್ಳುವವರಲ್ಲೂ ಅದು ಕಡಿಮೆಯಾಗಬಹುದು, ಪರೀಕ್ಷೆ ಮಾಡಿಸಬೇಕು. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಬಂದಿದ್ದರೆ ಕಬ್ಬಿಣದ ಮಾತ್ರೆಯೇ ಚಿಕಿತ್ಸೆ. ಇಲ್ಲೆಲ್ಲ ದೇಹಕ್ಕೆ ಸಾಲದೆ ಬಂದದ್ದನ್ನು ತುಂಬುತ್ತಿದ್ದೇವೆ, ಅಲ್ವಾ?

ಹಾಗಾದರೆ ಸಾಕಷ್ಟು ಇರುವವರಿಗೆ ಇನ್ನೂ ಜಾಸ್ತಿ ಕೊಟ್ಟರೆ? ದೇಹದಲ್ಲಿ ವಿಟಮಿನ್ ಎ ಆಗಿ ಬದಲಾಗುವ ಬೀಟಾ ಕ್ಯಾರೋಟಿನ್‌ನ ಕಥೆಯನ್ನು ನಿಧಾನವಾಗಿ ಓದಿ. ಹಣ್ಣು ತರಕಾರಿ ಹೆಚ್ಚು ತಿನ್ನುವವರಲ್ಲಿ, ರಕ್ತದಲ್ಲಿ ಬೀಟಾ ಕ್ಯಾರೋಟಿನ್ ಹೆಚ್ಚಿರುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಕಾಣುತ್ತಿತ್ತು. ಹಾಗಿದ್ದರೆ ಮಾತ್ರೆ ಕೊಟ್ಟುಬಿಡೋಣ ಎಂಬ ಯೋಚನೆ ಸಹಜವೇ. ಫಿನ್‌ಲ್ಯಾಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ಪ್ರಯೋಗ ನಡೆಯಿತು. 1994ರ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು: ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು! ಅಮೆರಿಕದ ಇನ್ನೊಂದು ಪ್ರಯೋಗದಲ್ಲಿ ಬೀಟಾ ಕ್ಯಾರೋಟಿನ್ ಜೊತೆ ವಿಟಮಿನ್ ಎ ಕೂಡ ಕೊಟ್ಟಿದ್ದರು. ಅಲ್ಲೂ ಹಾನಿಯೇ ಕಂಡು, 1996ರಲ್ಲಿ ಅವಧಿಗೆ ಮುಂಚೆಯೇ ಮಾತ್ರೆ ನಿಲ್ಲಿಸಿದರು.

ಹೀಗೇಕಾಯಿತು? ತರಕಾರಿ ತಿನ್ನುವವರು ಬೇರೆ ರೀತಿಯಲ್ಲೂ ಆರೋಗ್ಯ ನೋಡಿಕೊಳ್ಳುವವರಾಗಿರುತ್ತಾರೆ. ಸಿಗರೇಟು ಕಡಿಮೆ, ಓಡಾಟ ಹೆಚ್ಚು. ತರಕಾರಿಯಲ್ಲಿ ನೂರಾರು ಅಂಶಗಳೂ ಇರುತ್ತವೆ. ಸುಮ್ನೆ ಗಮನಿಸುವ ಅಧ್ಯಯನ ಇವನ್ನೆಲ್ಲ ಬಿಡಿಸಿ ತೋರಿಸಲಾರದು. ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರೆ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿಮಾತ್ರೆ ಕೊಟ್ಟು ನೋಡಿದಾಗಲೇ ಮಾತ್ರೆಯ ನಿಜವಾದ ಪರಿಣಾಮ ತಿಳಿಯುವುದು. ಪರೀಕ್ಷೆಗೆ ಓದುವವರು ಬೇರೇನು ಬಿಟ್ಟರೂ ಇದನ್ನು ಬಿಡಬೇಡಿ.

ವಿಟಮಿನ್ ಡಿ ವಿಷಯದಲ್ಲೂ ಅಂದುಕೊಂಡ ಲಾಭ ಸಿಗಲಿಲ್ಲ. ಅಮೆರಿಕದ 'ವೈಟಲ್' ಪ್ರಯೋಗದಲ್ಲಿ 25,871 ಜನರಿದ್ದರು. ದಿನಕ್ಕೆ 2000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ಕೊಟ್ಟರೂ ಕ್ಯಾನ್ಸರ್ ಆಗಲಿ ಹೃದಯಾಘಾತ, ಪಾರ್ಶ್ವವಾಯುಗಳಾಗಲಿ ಕಡಿಮೆಯಾಗಲಿಲ್ಲ. ಆದರೆ ಅವರಲ್ಲಿ ಹೆಚ್ಚಿನವರಿಗೆ ಮೊದಲೇ ಡಿ ಕೊರತೆ ಇರಲಿಲ್ಲ. ಕೊರತೆ ಇದ್ದವರಿಗೂ ಡಿ ಬೇಡ ಎಂದು ಇದನ್ನು ಓದಿಕೊಳ್ಳಬಾರದು. ವಿಟಮಿನ್ ಸಿ ನೆಗಡಿಯನ್ನು ಸಾಮಾನ್ಯವಾಗಿ ತಡೆಯುವುದಿಲ್ಲ, ದಿನವೂ ತಗೊಂಡರೆ ಸ್ವಲ್ಪ ಬೇಗ ವಾಸಿಯಾಗಬಹುದು, ಅಷ್ಟೇ.

"ವಿಟಮಿನ್ ತಾನೇ, ಏನಾಗುತ್ತೆ" ಎಂಬ ಮಾತು ನನಗೆ ಭಯ ಹುಟ್ಟಿಸುತ್ತದೆ. ಎ, ಡಿ ಕೊಬ್ಬಿನಲ್ಲಿ ಕರಗುವಂಥವು, ದೇಹದಲ್ಲಿ ಶೇಖರವಾಗುತ್ತವೆ. ಗರ್ಭಿಣಿಯರು ವಿಟಮಿನ್ ಎ ಅತಿಯಾಗಿ ತಗೊಂಡರೆ ಮಗುವಿನ ಅಂಗಾಂಗಗಳಿಗೆ ತೊಂದರೆ. ವಿಟಮಿನ್ ಕೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ವಾರ್ಫರಿನ್‌ನ ಕೆಲಸವನ್ನು ಕುಗ್ಗಿಸುತ್ತದೆ. ಕೂದಲಿಗೆಂದು ನುಂಗುವ ಬಯೋಟಿನ್ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಹುದು. ಹೃದಯಾಘಾತ ಪತ್ತೆಹಚ್ಚುವ ಟ್ರೋಪೋನಿನ್ ಪರೀಕ್ಷೆಯೂ ಅದರಲ್ಲಿ ಒಂದು. ಆದ್ದರಿಂದ ಡಾಕ್ಟರು "ಯಾವ ಔಷಧ ತಗೊಳ್ತೀರಿ?" ಎಂದಾಗ ಈ ಮಾತ್ರೆಗಳ ಹೆಸರನ್ನೂ ಹೇಳಿ.