ಲಿನಕ್ಸ್ ಕಲಿಯುವವರು ಎಲ್ಲಿಂದ ಆರಂಭಿಸಬೇಕು?

ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಹಾಕಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಸಾಕಷ್ಟು ಹೊಸದಾದ ಪ್ರೊಸೆಸರೂ ಬೇಕಾಗುವುದರಿಂದ, ಮಂಗಳೂರು, ಉಡುಪಿ ಕಡೆಯ ಮನೆ, ಅಂಗಡಿ, ಶಾಲೆಗಳಲ್ಲಿ ಯಾವ ದೋಷವೂ ಇಲ್ಲದೆ ಓಡುತ್ತಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಇನ್ನು ಭದ್ರತಾ ಪರಿಷ್ಕರಣೆಗಳಿಲ್ಲದೆ ಉಳಿಯಬೇಕಾಗುತ್ತದೆ. ಇಂಥ ಯಂತ್ರಗಳನ್ನು ಗುಜರಿಗೆ ಹಾಕುವ ಅಗತ್ಯವಿಲ್ಲ. 4 ಜಿಬಿ ರ‍್ಯಾಮ್ ಇರುವ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್‌ನಂಥ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯು (ಆಪರೇಟಿಂಗ್ ಸಿಸ್ಟಂ) ದಿನನಿತ್ಯದ ಕೆಲಸಗಳನ್ನು ಇಂದಿಗೂ ಸಮರ್ಪಕವಾಗಿ ನಡೆಸಿಕೊಡುತ್ತದೆ.

ಆದರೆ ‘ವಿಂಡೋಸ್ ತೆಗೆದು ಲಿನಕ್ಸ್ ಹಾಕಿ’ ಎಂಬ ಸಲಹೆಯನ್ನು ಹೊಸಬರಿಗೆ ಹಾಗೆಯೇ ಕೊಡುವುದನ್ನು ನಾನು ಒಪ್ಪುವುದಿಲ್ಲ. ಮೊದಲ ದಿನವೇ ಎಲ್ಲವನ್ನೂ ಬದಲಾಯಿಸಿದವರಿಗೆ ಪರದೆಯೂ ಹೊಸದು, ತಂತ್ರಾಂಶಗಳೂ ಹೊಸವು, ಕಡತಗಳು ಇರುವ ಜಾಗವೂ ಹೊಸದು; ತೊಂದರೆ ಯಾವುದರಿಂದ ಬಂದಿದೆಯೆಂದು ಗೊತ್ತಾಗದೆ ಅವರು ವಾರದೊಳಗೆ ಹಿಂದಿರುಗುತ್ತಾರೆ. ಮುಖ್ಯವಾದದ್ದು ಕ್ರಮ: ಮೊದಲು ತಂತ್ರಾಂಶಗಳನ್ನು ಬದಲಾಯಿಸಬೇಕು, ಅನಂತರ ವ್ಯವಸ್ಥೆಯನ್ನು ಪರೀಕ್ಷಿಸಬೇಕು, ಕೊನೆಗೆ ಇನ್‌ಸ್ಟಾಲ್ ಮಾಡಬೇಕು.

ಈಗಿರುವ ವಿಂಡೋಸ್‌ನಲ್ಲಿಯೇ ದಾಖಲೆ ಬರೆಯಲು ಲಿಬ್ರೆ ಆಫೀಸ್, ಜಾಲತಾಣ ನೋಡಲು ಫೈರ್‌ಫಾಕ್ಸ್, ವಿಡಿಯೊ ನೋಡಲು ವಿಎಲ್‌ಸಿ, ಚಿತ್ರಗಳನ್ನು ತಿದ್ದಲು ಗಿಂಪ್, ಇವನ್ನು ಹಾಕಿಕೊಂಡು ಒಂದೆರಡು ತಿಂಗಳು ಬಳಸಬಹುದು. ಇವೆಲ್ಲವೂ ಲಿನಕ್ಸ್‌ನಲ್ಲಿ ಹೆಚ್ಚುಕಡಿಮೆ ಇದೇ ರೂಪದಲ್ಲಿ ದೊರೆಯುತ್ತವೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿಯವರು, ಪೇಜ್‌ಮೇಕರ್‌ನಲ್ಲಿ ಆಮಂತ್ರಣ ಪತ್ರಿಕೆ ಸಿದ್ಧಪಡಿಸುವ ಮುದ್ರಣಾಲಯದವರು ಮಾತ್ರ ಇಲ್ಲಿಯೇ ನಿಂತು ಯೋಚಿಸಬೇಕು. ಆ ತಂತ್ರಾಂಶಗಳಿಗೆ ಲಿನಕ್ಸ್ ಆವೃತ್ತಿ ಇಲ್ಲ. ಅಂಥವರು ಒಂದೇ ಯಂತ್ರದಲ್ಲಿ ಎರಡೂ ವ್ಯವಸ್ಥೆಗಳನ್ನು ಇಟ್ಟುಕೊಳ್ಳುವುದು ಲೇಸು.

ಎರಡನೆಯ ಹಂತದ್ದು ಪೆನ್ ಡ್ರೈವ್. ಲಿನಕ್ಸ್ ಮಿಂಟ್‌ನ ಅಧಿಕೃತ ತಾಣದಿಂದ ಸುಮಾರು 3 ಜಿಬಿ ಗಾತ್ರದ ಐಎಸ್‌ಒ ಕಡತವನ್ನು (ಇಡೀ ವ್ಯವಸ್ಥೆಯನ್ನು ಒಳಗೊಂಡ ಕಡತ) ಇಳಿಸಿಕೊಂಡಾಗ, ಅದರ ಜೊತೆಗೆ 64 ಅಕ್ಷರಾಂಕಿಗಳ ಒಂದು ಸಾಲನ್ನೂ ಅಲ್ಲಿ ಕೊಟ್ಟಿರುತ್ತಾರೆ. ಇದು ಎಸ್‌ಎಚ್‌ಎ-256 ಎಂಬ ಗಣಿತವಿಧಾನದಿಂದ ಇಡೀ ಕಡತವನ್ನು ಲೆಕ್ಕ ಹಾಕಿ ಪಡೆದ ಗುರುತು. ಇಳಿಸಿಕೊಳ್ಳುವಾಗ ಒಂದೇ ಒಂದು ಬಿಟ್ ಕೆಟ್ಟಿದ್ದರೂ ನಮ್ಮ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದಾಗ ಬರುವ ಸಾಲು ಸಂಪೂರ್ಣ ಬೇರೆಯಾಗಿರುತ್ತದೆ. ಮಳೆಗಾಲದಲ್ಲಿ ಕರೆಂಟು, ನೆಟ್ಟು ಎರಡೂ ಹೋಗಿ ಬರುತ್ತಿರುವ ನಮ್ಮ ಕರಾವಳಿಯಲ್ಲಿ ಈ ಹೋಲಿಕೆಯನ್ನು ಯಾರೂ ಬಿಡಬಾರದು. ಗುರುತು ಸರಿಯಾಗಿದ್ದರೆ ರೂಫಸ್ ಅಥವಾ ಎಚರ್ ಎಂಬ ಉಪಕರಣದಿಂದ ಕಡತವನ್ನು ಪೆನ್ ಡ್ರೈವ್‌ಗೆ ಬರೆಯಬೇಕು. ಅದರಲ್ಲಿ ಹಿಂದೆ ಇದ್ದುದೆಲ್ಲ ಆಗ ಅಳಿಸಿಹೋಗುತ್ತದೆ.

ಕಂಪ್ಯೂಟರ್ ಆನ್ ಆಗುವಾಗ ಎಫ್12, ಎಸ್ಕೇಪ್ ಅಥವಾ ಆಯಾ ಕಂಪನಿ ಗೊತ್ತುಮಾಡಿದ ಕೀಲಿ ಒತ್ತಿ ಪೆನ್ ಡ್ರೈವನ್ನು ಆರಿಸಿದರೆ, ಸ್ವಲ್ಪ ಹೊತ್ತಿನಲ್ಲಿ ಪೂರ್ಣ ವ್ಯವಸ್ಥೆಯೇ ತೆರೆದುಕೊಳ್ಳುತ್ತದೆ. ಹಾರ್ಡ್ ಡಿಸ್ಕ್ ಮುಟ್ಟದೆ ಇದು ಹೇಗೆ ಸಾಧ್ಯ? ವ್ಯವಸ್ಥೆಯ ಸಾವಿರಾರು ಕಡತಗಳನ್ನು ಸ್ಕ್ವಾಶ್‌ಎಫ್‌ಎಸ್ ಎಂಬ ವಿಧಾನದಲ್ಲಿ ಕುಗ್ಗಿಸಿ, ಓದಲು ಮಾತ್ರ ಬರುವ ಒಂದೇ ಕಡತವಾಗಿ ಪೆನ್ ಡ್ರೈವ್‌ನಲ್ಲಿ ಇಟ್ಟಿರುತ್ತಾರೆ. ವ್ಯವಸ್ಥೆಯ ತಿರುಳಾದ ಕರ್ನಲ್ ಮೊದಲು ರ‍್ಯಾಮ್‌ಗೆ ಬಂದು ಕುಳಿತು, ಬೇಕಾದ ಭಾಗಗಳನ್ನು ಬೇಕಾದಾಗ ಅದರಿಂದ ಬಿಡಿಸಿಕೊಳ್ಳುತ್ತದೆ. ನಾವು ಮಾಡುವ ಬದಲಾವಣೆಗಳು, ಅಂದರೆ ಹೊಸ ಕಡತ, ಬದಲಿಸಿದ ಭಾಷೆ, ವೈ-ಫೈ ಪಾಸ್‌ವರ್ಡ್ ಇತ್ಯಾದಿಗಳು, ರ‍್ಯಾಮ್‌ನಲ್ಲಿರುವ ಮತ್ತೊಂದು ಪದರಕ್ಕೆ ಹೋಗುತ್ತವೆ. ಚಿತ್ರದ ಮೇಲೆ ಪಾರದರ್ಶಕ ಹಾಳೆ ಹಾಸಿ ಬರೆದಂತೆ, ಎರಡೂ ಸೇರಿ ಒಂದೇ ಆಗಿ ಕಾಣುತ್ತವೆ. ಕಂಪ್ಯೂಟರ್ ಆಫ್ ಮಾಡಿದಾಗ ಮೇಲಿನ ಪದರ ಇಲ್ಲವಾಗುತ್ತದೆ. ನಾವಾಗಿಯೇ ಹಾರ್ಡ್ ಡಿಸ್ಕನ್ನು ತೆರೆದು ಬರೆಯದಿದ್ದರೆ ಅಲ್ಲಿರುವ ವಿಂಡೋಸ್‌ಗೆ ಏನೂ ಆಗುವುದಿಲ್ಲ. ಹೀಗೆ ಓಡುತ್ತಿರುವಾಗಲೇ ವೈ-ಫೈ, ಸೌಂಡ್, ಪ್ರಿಂಟರ್, ಮುಚ್ಚಿ ತೆರೆದಾಗ ಲ್ಯಾಪ್‌ಟಾಪ್ ಎಚ್ಚರಗೊಳ್ಳುವುದು, ಇವನ್ನೆಲ್ಲ ನೋಡಿಕೊಳ್ಳಬೇಕು. ಕೆಲವು ವೈ-ಫೈ ಚಿಪ್ಪುಗಳಿಗೆ ಪ್ರತ್ಯೇಕ ಡ್ರೈವರ್ (ಅವನ್ನು ನಡೆಸುವ ತಂತ್ರಾಂಶ) ಬೇಕಾಗುವುದು ಗೊತ್ತಾಗುವುದೂ ಇಲ್ಲಿಯೇ.

ಇನ್‌ಸ್ಟಾಲ್ ಮಾಡುವುದು ಈಗ ಕಷ್ಟದ ಕೆಲಸವಲ್ಲ. ಫೋಟೋ, ದಾಖಲೆಗಳ ಒಂದು ಪ್ರತಿ ಹೊರಗಿನ ಡಿಸ್ಕ್‌ನಲ್ಲಿರಬೇಕು; ವಿಂಡೋಸ್ ಉಳಿಸಿಕೊಳ್ಳುವುದಾದರೆ ಬಿಟ್‌ಲಾಕರ್ ಎಂಬ ಡಿಸ್ಕ್ ಬೀಗದ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟು, ವಿಂಡೋಸ್ ಬೇಗ ತೆರೆಯಲೆಂದಿರುವ ಫಾಸ್ಟ್ ಸ್ಟಾರ್ಟಪ್ ಎಂಬುದನ್ನು ಆಫ್ ಮಾಡಿರಬೇಕು; ಲ್ಯಾಪ್‌ಟಾಪ್‌ನ ಬ್ಯಾಟರಿ ತುಂಬಿರಬೇಕು.

ಆಮೇಲೆ ಹೊಸಬರು ಬಿಡಬೇಕಾದ ಅಭ್ಯಾಸವೊಂದಿದೆ. ತಂತ್ರಾಂಶ ಬೇಕಾದಾಗಲೆಲ್ಲ ಗೂಗಲ್‌ನಲ್ಲಿ ಹುಡುಕಿ, ಸಿಕ್ಕಿದ ತಾಣದಿಂದ ಇಳಿಸಿಕೊಳ್ಳುವ ರೂಢಿ ಇಲ್ಲಿ ಬೇಡ. ಡೆಬಿಯನ್ ಎಂಬ ಸ್ವಯಂಸೇವಕರ ಯೋಜನೆಯು 1993ರಲ್ಲಿ ಆರಂಭವಾಯಿತು. ಅದರ ಆಧಾರದ ಮೇಲೆ 2004ರಲ್ಲಿ ಉಬುಂಟು, ಉಬುಂಟುವಿನ ಆಧಾರದ ಮೇಲೆ 2006ರಲ್ಲಿ ಮಿಂಟ್ ಬಂದವು. ಈ ಪರಂಪರೆಯ ವ್ಯವಸ್ಥೆಗಳಲ್ಲಿ ತಂತ್ರಾಂಶಗಳೆಲ್ಲ ಒಂದು ಭಂಡಾರದಲ್ಲಿದ್ದು, ಅವುಗಳ ಪಟ್ಟಿಗೆ ಡಿಜಿಟಲ್ ಸಹಿ ಇರುತ್ತದೆ. ಸಾಫ್ಟ್‌ವೇರ್ ಮ್ಯಾನೇಜರ್ ಆ ಸಹಿಯನ್ನು ಪರೀಕ್ಷಿಸಿಯೇ ಇನ್‌ಸ್ಟಾಲ್ ಮಾಡುತ್ತದೆ. ಆಜ್ಞೆಗಳನ್ನು ಬೆರಳಚ್ಚಿಸುವ ಕಪ್ಪು ಪರದೆಯ ಟರ್ಮಿನಲ್‌ಗೆ ಹೆದರುವ ಕಾರಣವೂ ಇಲ್ಲ. ಆದರೆ ಅರ್ಥವಾಗದ ಆಜ್ಞೆಯನ್ನು, ಅದರಲ್ಲಿಯೂ ಪೂರ್ಣಾಧಿಕಾರ ಕೊಡುವ ‘ಸುಡೊ’ ಎಂದು ಆರಂಭವಾಗುವುದನ್ನು, ಎಲ್ಲಿಂದಲೋ ನಕಲಿಸಿ ಅಂಟಿಸಲೇಬಾರದು.

ಕನ್ನಡದ ವಿಷಯದಲ್ಲಿ ನಮ್ಮ ಊರಿನವರಿಗೆ ವಿಶೇಷವಾದ ಅಭಿಮಾನಕ್ಕೆ ಕಾರಣವಿದೆ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿವಿನ್ಯಾಸವೇ ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ನಾಡಿನಾದ್ಯಂತ ಬಳಕೆಗೆ ಬಂತು. ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಅದನ್ನು ಆಧರಿಸಿದ, ಆ ಪರಿಷತ್ತಿನ ಹೆಸರಿನ ‘ಕಗಪ’ ವಿನ್ಯಾಸವೂ ಸೇರಿದೆ.

ಬೆರಳಚ್ಚಿಸಿದ ಮೇಲೆ ನಡೆಯುವುದು ಇನ್ನೂ ಸ್ವಾರಸ್ಯಕರ. ‘ಮಲ್ಪೆ’ ಎಂದು ಬರೆದರೆ ಕಂಪ್ಯೂಟರಿನಲ್ಲಿ ಯುನಿಕೋಡ್‌ನ (ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿ) ಐದು ಸಂಕೇತಗಳು ಉಳಿಯುತ್ತವೆ: ಮ, ಲ, ಹಲಂತ, ಪ, ಎತ್ವ. ಎತ್ವದ ಸಂಕೇತ ಇರುವುದು ಪಕಾರದ ನಂತರ. ಆದರೆ ಪರದೆಯ ಮೇಲೆ ಅದು ಲಕಾರದ ತಲೆಗೆ ಹತ್ತಬೇಕು, ಪಕಾರ ಒತ್ತಾಗಿ ಕೆಳಗಿಳಿಯಬೇಕು. ಈ ಸ್ಥಾನಪಲ್ಲಟವನ್ನು ಮಾಡುವುದು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ. ಫೈರ್‌ಫಾಕ್ಸ್, ಲಿಬ್ರೆ ಆಫೀಸ್, ಆಂಡ್ರಾಯ್ಡ್ ಫೋನು ಎಲ್ಲವೂ ಬಳಸುವುದು ಇದನ್ನೇ. ಹೀಗಾಗಿ ಇದರಲ್ಲಿ ಕನ್ನಡದ ಒಂದು ದೋಷ ಸರಿಯಾದರೆ, ಪರಿಷ್ಕರಣೆ ತಲುಪಿದಂತೆಲ್ಲ ಅವುಗಳಲ್ಲಿಯೂ ಸರಿಯಾಗುತ್ತದೆ.

ತುಳು-ತಿಗಳಾರಿ ಲಿಪಿಯೂ 2024ರಲ್ಲಿ ಯುನಿಕೋಡ್ 16ನೆಯ ಆವೃತ್ತಿಗೆ ಸೇರಿರುವುದರಿಂದ ಪರೀಕ್ಷಿಸಿ ಹೇಳುವವರ ಅಗತ್ಯ ಇನ್ನಷ್ಟು ಹೆಚ್ಚಿದೆ. ಒತ್ತಕ್ಷರ ತಪ್ಪಾಗಿ ಮೂಡಿದ್ದನ್ನು ಕಂಡವರು ಆ ಪದ, ಫಾಂಟ್‌ನ ಹೆಸರು, ತಂತ್ರಾಂಶದ ಆವೃತ್ತಿ, ಪರದೆಯ ಚಿತ್ರ, ಇಷ್ಟನ್ನು ಆಯಾ ಯೋಜನೆಯ ದೋಷಪಟ್ಟಿಗೆ ಸೇರಿಸಿದರೆ ಸಾಕು. ಅದಕ್ಕೆ ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ, ಕನ್ನಡವನ್ನೋ ತುಳುವನ್ನೋ ಸರಿಯಾಗಿ ಓದಲು ಬಂದರಾಯಿತು.