ಚೂರೇ ಚೂರು ನ್ಯಾನೊ, ಸೆಲ್ ಒಳಗೆ ಹೋದ್ರೆ

ಕೋಲಾರದ ಕಡೆ ಗೊಬ್ಬರದ ಅಂಗಡಿಗಳಲ್ಲಿ ನ್ಯಾನೊ ಅನ್ನೋ ಮಾತು ಈಗ ಮಾಮೂಲಿ, 2021ರಲ್ಲಿ ನ್ಯಾನೊ ಯೂರಿಯಾ ಬಂದ್ಮೇಲೆ ಟೊಮೇಟೊ ಬೆಳೆಯೋರಿಗೆಲ್ಲ ಆ ಅರ್ಧ ಲೀಟರ್ ಬಾಟ್ಲಿ ಗೊತ್ತು. ಅದು ಒಂದು ಮೂಟೆ ಯೂರಿಯಾಗೆ ಸಮಾನಾ ಅಂತ ಜಗಳ ಬೇರೆ ಇದೆ, ಅದು ಇಲ್ಲಿ ಬೇಡ. ನಂಗೆ ಕುತೂಹಲ ಇರೋದು ಇನ್ನೊಂದು ಮಾತಿನ ಮೇಲೆ, "ಚೂರು ತಾನೆ ಅಣ್ಣ, ಅಷ್ಟಕ್ಕೇ ಏನಾಗತ್ತೆ?" ಅನ್ನೋದು.

ಚೂರು ಅಂತ ನಾವು ತೂಕ ನೋಡಿ ಹೇಳ್ತೀವಿ. ಸೆಲ್‌ಗೆ ಮುಖ್ಯ ಆಗೋದು ಎಷ್ಟು ಕಣ ಬಂತು, ಅವುಗಳ ಮೈ ಎಷ್ಟು ಅಗಲ ಅನ್ನೋದು. ಕ್ರಿಮಿ ಕೊಲ್ಲೋಕೆ ಅಂತ ಕಾಲ್ಚೀಲಕ್ಕೆಲ್ಲ ಹಾಕೋ ಬೆಳ್ಳಿ ನ್ಯಾನೊ ಕಣಾನೇ ಉದಾಹರಣೆಗೆ ತಗೊಂಡು ಲೆಕ್ಕ ಹಾಕಿ ನೋಡಿ: ಒಂದು ಮೈಕ್ರೊಗ್ರಾಂ ಬೆಳ್ಳಿ, ಅಂದ್ರೆ ಗ್ರಾಮಲ್ಲಿ ಹತ್ತು ಲಕ್ಷದ ಒಂದು ಪಾಲು, 100 ನ್ಯಾನೊಮೀಟರ್ (ಮಿಲಿಮೀಟರಲ್ಲಿ ಹತ್ತು ಸಾವಿರದ ಒಂದು ಪಾಲು) ಅಡ್ಡಳತೆಯ ಗುಂಡುಗಳು ಮಾಡಿದ್ರೆ ಸುಮಾರು 18 ಕೋಟಿ ಕಣ ಆಗತ್ತೆ, ಅದೇ ಬೆಳ್ಳೀನ 20 ನ್ಯಾನೊಮೀಟರ್‌ಗೆ ಇಳಿಸಿದ್ರೆ ಸುಮಾರು 2,300 ಕೋಟಿ! ತೂಕ ಅಷ್ಟೇ, ಮೇಲ್ಮೈ ಮಾತ್ರ ಐದು ಪಟ್ಟು.

ಈ ಕಣ ರಕ್ತಕ್ಕೆ ಬಿದ್ದ ತಕ್ಷಣ ಅಲ್ಬುಮಿನ್ ಥರದ ಪ್ರೋಟೀನ್‌ಗಳು ಮೈಗೆಲ್ಲ ಅಂಟ್ಕೊಳ್ತವೆ, ಹಾಗಾಗಿ ಸೆಲ್ ನೋಡೋದು ಬರೀ ಬೆಳ್ಳಿ ಅಲ್ಲ, ಪ್ರೋಟೀನ್ ಹೊದ್ದ ಬೆಳ್ಳಿ. ಪೊರೆ ಮಡಚ್ಕೊಂಡು ಅದನ್ನ ಒಳಗೆ ಎಳ್ಕೊಳ್ಳತ್ತೆ, ಕೊನೆಗೆ ಲೈಸೋಸೋಮ್ ಅನ್ನೋ ಹುಳಿ ಚೀಲಕ್ಕೆ ಸೇರತ್ತೆ. ಬೆಳ್ಳಿ ಅಥವಾ ಜಿಂಕ್ ಆಕ್ಸೈಡ್ ಕಣಗಳಾದ್ರೆ ಆ ಹುಳೀಲಿ ಕರಗಿ ಅಯಾನು, ಅಂದ್ರೆ ವಿದ್ಯುತ್ ಚಾರ್ಜ್ ಇರೋ ಪರಮಾಣು, ಬಿಡ್ತವೆ. ಬೆಳ್ಳಿ ಅಯಾನಿಗೆ ಗಂಧಕ ಕಂಡ್ರೆ ಬಲು ಇಷ್ಟ, ಪ್ರೋಟೀನ್‌ಗಳಲ್ಲಿರೋ ಗಂಧಕಾನೇ ಹಿಡ್ಕೊಂಡು ಅವುಗಳ ಕೆಲಸ ಕೆಡಿಸತ್ತೆ, ಸೆಲ್‌ಗೆ ಶಕ್ತಿ ಕೊಡೋ ಮೈಟೊಕಾಂಡ್ರಿಯ ತಡವರಿಸತ್ತೆ, ಸಿಕ್ಕಿದ್ದರ ಜೊತೆಗೆಲ್ಲ ರಿಯಾಕ್ಟ್ ಆಗೋ ಆಕ್ಸಿಜನ್ ಅಣುಗಳು ಜಾಸ್ತಿ ಆಗ್ತವೆ.

ಡೋಸ್ ಕಮ್ಮಿ ಇದ್ರೆ ಸೆಲ್ ಸಾಯಲ್ಲ. ಎಷ್ಟೋ ಲ್ಯಾಬ್ ಟೆಸ್ಟ್‌ಗಳು ಕೇಳೋದು 24 ಗಂಟೆ ಆದ್ಮೇಲೆ ಎಷ್ಟು ಸೆಲ್ ಬದುಕಿವೆ ಅಂತ, ಎಲ್ಲಾ ಬದುಕಿದ್ರೆ ಸೇಫ್ ಅಂತ ಬರ್ಕೊಳ್ತಾರೆ, ನಂಗಂತೂ ಇದು ಒಪ್ಪಿಗೆ ಆಗಲ್ಲ. ಯಾಕಂದ್ರೆ ಒಳಗಡೆ ಆಗ್ಲೇ ಗಲಾಟೆ ಶುರುವಾಗಿರಬಹುದು. ಕೀಪ್1 ಅನ್ನೋ ಪ್ರೋಟೀನ್ ಹಿಡಿದಿಟ್ಟಿದ್ದ ಎನ್‌ಆರ್‌ಎಫ್2 ಅನ್ನೋ ಇನ್ನೊಂದು ಪ್ರೋಟೀನ್ ಬಿಡಿಸ್ಕೊಂಡು ನ್ಯೂಕ್ಲಿಯಸ್‌ಗೆ ಓಡತ್ತೆ, ರಕ್ಷಣೆಯ ಜೀನ್‌ಗಳನ್ನ ಆನ್ ಮಾಡತ್ತೆ, ಆ ಆಕ್ಸಿಜನ್ ಅಣುಗಳನ್ನ ತಣ್ಣಗೆ ಮಾಡೋ ಗ್ಲುಟಥಯೋನ್ ತಯಾರಿ ಜೋರಾಗತ್ತೆ. ಕೆಲವು ಸಲ ಈ ತಯಾರಿ ಹೆಚ್ಚೇ ಆಗಿ ಸೆಲ್ ಮೊದಲಿಗಿಂತ ಚುರುಕಾಗಿ ಬೆಳೆಯೋದೂ ಉಂಟು. ಇದು ಹೊಸ ವಿಷಯ ಏನಲ್ಲ, 1888ರಲ್ಲೇ ಜರ್ಮನಿಯ ಹ್ಯೂಗೊ ಶುಲ್ಜ್ ವಿಷ ತೀರಾ ಕಮ್ಮಿ ಹಾಕಿದ್ರೆ ಯೀಸ್ಟ್ ಇನ್ನೂ ಜೋರಾಗಿ ಕೆಲಸ ಮಾಡತ್ತೆ ಅಂತ ತೋರ್ಸಿದ್ರು, 1943ರಲ್ಲಿ ಇದಕ್ಕೆ ಹಾರ್ಮೆಸಿಸ್ ಅಂತ ಹೆಸರು ಬಿತ್ತು.

ಒಳ್ಳೇದೇ ಆಯ್ತಲ್ಲ ಅನ್ಬೇಡಿ, ಯಾರಿಗೆ ಒಳ್ಳೇದು ಅಂತಾನೂ ನೋಡ್ಬೇಕು. 2012ರಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಮೇಲೆ ಪ್ರಯೋಗ ನಡೀತು. ಆಕ್ಸಿಜನ್ ಇಲ್ಲದ ಜಾಗದಲ್ಲಿ ಬೆಳ್ಳಿ ಕಣ ಅಯಾನು ಬಿಡ್ಲಿಲ್ಲ, ಬ್ಯಾಕ್ಟೀರಿಯಾ ಸಾಯ್ಲೂ ಇಲ್ಲ, ಕೊಲ್ಲೋಕಾಗದಷ್ಟು ಕಮ್ಮಿ ಡೋಸ್ ಕೊಟ್ಟಾಗ ಅವು ಇನ್ನೂ ಚೆನ್ನಾಗಿ ಬದುಕಿದ್ವು. ಕ್ರಿಮಿ ಕೊಲ್ಲತ್ತೆ ಅಂತ ಮಾರೋ ಬೆಳ್ಳಿ ಕಾಲ್ಚೀಲ ತಗೊಳ್ಳೋರು ಇದನ್ನ ಓದ್ಬೇಕು.

ಕರಗದ ಕಣಗಳದ್ದು ಬೇರೆ ಕಥೆ. ಬಿಳಿ ಬಣ್ಣಕ್ಕೆ ಬಳಸೋ ಟೈಟೇನಿಯಂ ಡೈಆಕ್ಸೈಡ್ ಲೈಸೋಸೋಮಲ್ಲಿ ಹಂಗೇ ಕೂತಿರತ್ತೆ, ದಿನಾ ಚೂರು ಚೂರು ಬಂದ್ರೆ ಸೇರ್ತಾ ಹೋಗತ್ತೆ. ಡಿಎನ್‌ಎಗೆ ಹಾನಿ ಆಗಲ್ಲ ಅಂತ ಖಚಿತವಾಗಿ ಹೇಳೋಕಾಗಲ್ಲ ಅಂತಾನೇ ಯುರೋಪಿಯನ್ ಒಕ್ಕೂಟ 2022ರಲ್ಲಿ ಇದನ್ನ ತಿಂಡಿಗೆ ಹಾಕೋ ಬಣ್ಣಗಳ ಪಟ್ಟಿಯಿಂದ ತೆಗೆದುಹಾಕ್ತು.

ನಮ್ಮ ಕೆರೆಗಳಿಗೆ 2018ರಿಂದ ಬರ್ತಿರೋ ಕೆಸಿ ವ್ಯಾಲಿ ನೀರಿನ, ಅಂದ್ರೆ ಸಂಸ್ಕರಿಸಿದ ಬೆಂಗಳೂರಿನ ಕೊಳಚೆ ನೀರಿನ, ಬಗ್ಗೆಯೂ ಇದೇ ದೃಷ್ಟೀಲಿ ನೋಡ್ಬೇಕು ಅನ್ಸತ್ತೆ. ಕೊಳಚೆ ಸಂಸ್ಕರಣಾ ಘಟಕದಲ್ಲಿ ಬೆಳ್ಳಿ ಕಣಗಳು ಬಹುಪಾಲು ಗಂಧಕದ ಜೊತೆ ಸೇರಿ ಬೆಳ್ಳಿ ಸಲ್ಫೈಡ್ ಆಗ್ತವೆ, ಅದು ಸುಲಭಕ್ಕೆ ಕರಗಲ್ಲ, ವಿಷ ಕಮ್ಮಿ, ಆದ್ರೆ ನೀರಲ್ಲಿ ಹೋಗೋದಕ್ಕಿಂತ ಕೆಸರಲ್ಲಿ ಉಳಿಯೋದೇ ಜಾಸ್ತಿ. ಆ ಕೆಸರನ್ನ ಒಣಗ್ಸಿ ಗೊಬ್ಬರ ಅಂತ ಹೊಲಕ್ಕೆ ಹಾಕೋದೂ ಉಂಟು, ಅದಕ್ಕೆ ನನ್ನ ಕೇಳಿದ್ರೆ ನೀರಿನ ಜೊತೆ ಕೆಸರನ್ನೂ ಟೆಸ್ಟ್ ಮಾಡ್ಬೇಕು, ಮಾಡೋವಾಗ ಎರೆಹುಳ ಸತ್ತ್ವಾ ಇಲ್ವಾ ಅಂತ ಮಾತ್ರ ನೋಡ್ದೆ ಅವು ಮೊದ್ಲಿನಷ್ಟೇ ಮೊಟ್ಟೆ ಇಡ್ತಿವೆಯಾ ಅಂತಾನೂ ಎಣಿಸ್ಬೇಕು.