ಗ್ರೀಕ್ ಹೂಜಿಗಳ ಮೇಲೆ ಅಕಿಲೀಸ್ ಮತ್ತು ಏಜಾಕ್ಸ್: ಚಿತ್ರ ಓದುವುದು ಹೇಗೆ

ಗ್ರೀಕ್ ಮಡಕೆಗಳ ಪಾಠದಲ್ಲಿ ಹೆಸರುಗಳು ಜಾಸ್ತಿ, ತಲೆ ಕೆಡುತ್ತದೆ. ಅದಕ್ಕೇ ಒಂದೇ ಜೋಡಿ ಹಿಡಿದುಕೊಳ್ಳೋಣ: ಅಕಿಲೀಸ್ ಮತ್ತು ಏಜಾಕ್ಸ್. ಇಬ್ಬರೂ ಗ್ರೀಕ್ ಪುರಾಣದ ವೀರರು, ಟ್ರಾಯ್ ನಗರದ ಮೇಲಿನ ಯುದ್ಧದಲ್ಲಿ ಗ್ರೀಕರ ಕಡೆಯವರು.

ಮೊದಲು ವ್ಯಾಟಿಕನ್ ಮ್ಯೂಸಿಯಂನ ಅಂಫೋರಾ, ಅಂದರೆ ಎರಡು ಹಿಡಿಯ ದೊಡ್ಡ ಹೂಜಿ. ಅಥೆನ್ಸಿನ ಎಕ್ಸೆಕಿಯಾಸ್ ಮಾಡಿದ್ದು, ಸುಮಾರು ಕ್ರಿ.ಪೂ. 540–530. ಮಡಕೆ ಮಾಡಿದ್ದೂ ತಾನೇ, ಚಿತ್ರ ಬರೆದದ್ದೂ ತಾನೇ ಅಂತ ಅದರ ಮೇಲೆಯೇ ಸಹಿ ಹಾಕಿದ್ದಾನೆ. ಸಿಕ್ಕಿದ್ದು ಮಾತ್ರ ಇಟಲಿಯ ವುಲ್ಚಿಯಲ್ಲಿ. ಅಲ್ಲಿನ ಎಟ್ರುಸ್ಕನ್ನರು ಇಂಥ ಹೂಜಿಗಳನ್ನು ತರಿಸಿಕೊಂಡು ಗೋರಿಗಳಲ್ಲಿ ಇಡುತ್ತಿದ್ದರು.

ಚಿತ್ರದಲ್ಲಿ ಇಬ್ಬರೂ ಎದುರುಬದುರು ಕೂತು ಪಗಡೆಯಂಥ ಆಟ ಆಡುತ್ತಿದ್ದಾರೆ, ಆದರೆ ಭರ್ಜಿ ಮಾತ್ರ ಕೈಬಿಟ್ಟಿಲ್ಲ. ಬಾಯಿಯ ಹತ್ತಿರ ಅಕ್ಷರಗಳಿವೆ: ಅಕಿಲೀಸ್ "ನಾಲ್ಕು" ಅನ್ನುತ್ತಾನೆ, ಏಜಾಕ್ಸ್ "ಮೂರು". ಅಕಿಲೀಸನ ಶಿರಸ್ತ್ರಾಣ ತಲೆಯ ಮೇಲೇ ಇದೆ, ಏಜಾಕ್ಸ್ ತನ್ನದನ್ನು ತೆಗೆದು ಹಿಂದೆ ಗುರಾಣಿಯ ಮೇಲಿಟ್ಟಿದ್ದಾನೆ. ಯಾರ ಕೈ ಮೇಲು ಅಂತ ಬೇರೆ ಹೇಳಬೇಕಾ? ಇದನ್ನು ಹೋಮರ್ ಕವಿಯ ಟ್ರಾಯ್ ಯುದ್ಧದ ಮಹಾಕಾವ್ಯ ಇಲಿಯಡ್‌ನಲ್ಲಿ ಹುಡುಕಬೇಡಿ, ಅಲ್ಲಿ ಈ ಪ್ರಸಂಗವೇ ಇಲ್ಲ. ಚಿತ್ರಕಾರರು ಹೋಮರನನ್ನು ಸುಮ್ನೆ ನಕಲು ಮಾಡುತ್ತಿರಲಿಲ್ಲ.

ಮುಂದಿನ ಕಥೆ ನೋಡುವವರಿಗೆ ಗೊತ್ತಿತ್ತು. ಅಕಿಲೀಸ್ ಸಾಯುತ್ತಾನೆ, ಅವನ ಹೆಣವನ್ನು ಏಜಾಕ್ಸ್ ಹೊತ್ತು ತರುತ್ತಾನೆ. ಈ ದೃಶ್ಯ ಫ್ಲಾರೆನ್ಸಿನಲ್ಲಿರುವ ಫ್ರಾಂಸ್ವಾ ಹೂಜಿಯ ಹಿಡಿಗಳ ಮೇಲಿದೆ, ಬರೆದವನು ಕ್ಲೈಟಿಯಾಸ್, ಸುಮಾರು ಕ್ರಿ.ಪೂ. 570. ಸತ್ತವನ ಆಯುಧಗಳು ಇನ್ನೊಬ್ಬ ಗ್ರೀಕ್ ವೀರ ಒಡಿಸಿಯಸ್‌ಗೆ ಹೋಗುತ್ತವೆ, ಆ ಅವಮಾನ ತಾಳದೆ ಏಜಾಕ್ಸ್ ಪ್ರಾಣ ಕಳೆದುಕೊಳ್ಳುತ್ತಾನೆ. ಬೇರೆಯವರು ಕತ್ತಿಯ ಮೇಲೆ ಬಿದ್ದ ದೇಹವನ್ನು ಬರೆದರೆ, ಎಕ್ಸೆಕಿಯಾಸ್ ಕತ್ತಿಯನ್ನು ಮಣ್ಣಿನಲ್ಲಿ ನೆಡುತ್ತಾ ಬಗ್ಗಿ ಕೂತ ಏಜಾಕ್ಸ್‌ನನ್ನು ಬರೆದ (ಈ ಹೂಜಿ ಫ್ರಾನ್ಸಿನ ಬುಲೋನ್-ಸುರ್-ಮೇರ್‌ನಲ್ಲಿದೆ). ನನ್ನ ಮಟ್ಟಿಗೆ ಇದರ ಮುಂದೆ ಉಳಿದವೆಲ್ಲ ಸಪ್ಪೆ.

ಇನ್ನು ತಂತ್ರ. ಕಪ್ಪು ಬಣ್ಣ ಅಂತ ಬೇರೆ ಇರಲಿಲ್ಲ, ಅದೂ ನುಣ್ಣಗೆ ಸೋಸಿದ ಜೇಡಿಮಣ್ಣೇ. ಆವಿಗೆಗೆ ಗಾಳಿ ಬಿಟ್ಟರೆ ಎಲ್ಲ ಕೆಂಪು, ಗಾಳಿ ಮುಚ್ಚಿದರೆ ಎಲ್ಲ ಕಪ್ಪು. ಮತ್ತೆ ಗಾಳಿ ಬಿಟ್ಟಾಗ ಉಳಿದ ಮೈ ಕೆಂಪಾಗುತ್ತದೆ, ನುಣ್ಣನೆಯ ಲೇಪ ಮಾತ್ರ ಗಾಜಿನಂತೆ ಬಿಗಿದುಕೊಂಡು ಕಪ್ಪಾಗಿಯೇ ಉಳಿಯುತ್ತದೆ. ಇದು ಕಪ್ಪು ಶೈಲಿ. ಆಕೃತಿ ಕಪ್ಪು, ಒಳಗಿನ ಗೆರೆಗಳನ್ನು ಮೊನೆಯಿಂದ ಕೆರೆಯುತ್ತಾರೆ. ಸುಮಾರು ಕ್ರಿ.ಪೂ. 525ರಲ್ಲಿ ಇದು ತಿರುಗುಮುರುಗಾಯಿತು: ಹಿನ್ನೆಲೆ ಕಪ್ಪು, ಆಕೃತಿ ಕೆಂಪು, ಗೆರೆ ಕುಂಚದ್ದು. ಬಾಸ್ಟನ್ ಮ್ಯೂಸಿಯಂನ ಒಂದು ಅಂಫೋರಾದಲ್ಲಿ ಇದೇ ಆಟದ ದೃಶ್ಯ ಒಂದು ಬದಿ ಕಪ್ಪು ಶೈಲಿಯಲ್ಲಿ, ಇನ್ನೊಂದು ಬದಿ ಕೆಂಪು ಶೈಲಿಯಲ್ಲಿದೆ. ಎರಡೂ ಬದಿಯ ಫೋಟೋ ಪಕ್ಕಪಕ್ಕ ಇಟ್ಟು ಮೇಲಂಗಿಯ ಗೆರೆಗಳನ್ನು ನೋಡಿ, ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.